ಹೋರಿಗರುವಿನ ನೆತ್ತರು

ಎಲ್ ಸಲಿತ್ರೆ, ಕೊವಾವಿಲ ಸೀಮೆ
೯ ಆಗಸ್ಟ್ ೧೯೫೪

ಮಗಳೇ ಒತೀಲಿಯ,

ಬೆಚ್ಚಬೇಡ! ನಾನೇ, ನಿನ್ನಪ್ಪ ನಿಕಾಂದ್ರೊ. ಸತ್ತಿಲ್ಲ. ನಿನ್ನ ಹೆಸರನ್ನು ಈ ಮನೆಯಲ್ಲಿ ಯಾರೂ ಎತ್ತಕೂಡದೆಂದು ಎರಡು ವರ್ಷದ ಹಿಂದೆ ಗರ್ಜಿಸಿದವನು ನಾನು. ನಿನ್ನವ್ವ ತೀರಿಕೊಂಡು ಎಷ್ಟೋ ಕಾಲವಾಯಿತು. ಆ ಅಪ್ಪಣೆ ಪಾಲಿಸುವುದಕ್ಕೆ ಮನೆಯಲ್ಲಿ ನನ್ನನ್ನು ಬಿಟ್ಟರೆ ಇನ್ನೊಂದು ನರಪಿಳ್ಳೆ ಇಲ್ಲ. ಹಾಗಾಗಿ ಮುರಿಯುವವನೂ ನಾನೇ.

ಮೊನ್ನೆ ಕತ್ತಾಳೆ ನಾರಿನ ಮೂಟೆಗಳನ್ನು ತೂಗುತ್ತಿದ್ದೆವು. ಲಾರಿಯ ಚೆಮಾ ಗೊತ್ತಲ್ಲ, ಬಾಯಿಗೆ ಬಾಗಿಲಿಲ್ಲದವನು. ಇಳಿಯುವ ಮೊದಲೇ ಒದರಿದ: "ನಿಕಾಂದ್ರೊ ಮಾವ, ಕುಡಿಯೋದಕ್ಕೆ ಏನಾದ್ರೂ ತೆಗೀರಿ! ಲಾ ನೋರಿಯದಲ್ಲಿ ನಿಮ್ಮ ಮಗಳನ್ನ ಕಂಡೆ. ಬಸುರಿ!" ಒಬ್ಬರೂ ನಗಲಿಲ್ಲ. ನೆರೆಮನೆಯ ತೋಮಾಸಕ್ಕ ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡಳು. ಹಿಂದಿನಿಂದ ಯಾರೋ ತಣ್ಣಗೆ ಕೇಳಿದರು: "ಎಷ್ಟು ಮರಿಯಂತೆ?"

ಕೇಳಿದೆಯಾ ಮಗಳೇ? ಎಷ್ಟು ಮರಿಯಂತೆ! ಪ್ರತಿ ಕ್ರಿಸ್‌ಮಸ್ಸಿಗೆ ಗುಡಿಯಂಗಳದ ನಾಟಕದಲ್ಲಿ ಸೈತಾನನ ವೇಷ ಕಟ್ಟಿ, ಒಂದು ಕೂಗಿಗೆ ಮಕ್ಕಳನ್ನೆಲ್ಲ ತಾಯಂದಿರ ಲಂಗದೊಳಗೆ ನುಗ್ಗಿಸುವ ಈ ಗಂಟಲಿಗೆ ಆ ಮಾತಿಗೊಂದು ಉತ್ತರ ಹುಟ್ಟಲಿಲ್ಲ. ಹುಟ್ಟುವುದು ಹೇಗೆ? ನಾನೇ ಕಣ್ಣಾರೆ ಕಂಡವನಲ್ಲವೇ?

ಪರವೂರ ಗಂಡು ನಮ್ಮೂರ ಹೆಣ್ಣು ಕೇಳಲು ಬಂದರೆ ಅವನ ಎದೆಯ ಮೇಲೆ ದೇವಮಾತೆಯ ಹೋರಿಗರುವನ್ನು ಬಿಡಬೇಕು. ನನ್ನ ಎದೆಯ ಮೇಲೆ ಬಿಟ್ಟಿರಲಿಲ್ಲ, ನಾನು ಊರವನು. ಆದರೆ ನಿನ್ನ ಸೋದರತ್ತೆಯ ಗಂಡ ಈ ಪರೀಕ್ಷೆ ಗೆದ್ದು ಬಂದವನು, ಶಾಲೆಯ ಮೇಷ್ಟ್ರೂ ಗೆದ್ದು ಬಂದವರು. ಹೆಸರಿಗೆ ಹೋರಿಗರು, ನೋಡಿದರೆ ಅಂಗೈಯಗಲದ ಓತಿ, ಅದರ ತಲೆಯ ಸುತ್ತ ಮುಳ್ಳಿನ ಕಿರೀಟ. ಆ ಕಿರೀಟ ಹೊತ್ತ ಪ್ರಾಣಿ ಮನುಷ್ಯನೆದುರು ಅಳುವುದಿಲ್ಲ. ಕೊಯೋಟೆ ತೋಳದ ಎದುರು ಮಾತ್ರ ಕಣ್ಣಿಂದ ನೆತ್ತರು ಸುರಿಸುತ್ತದೆ. ನಿನ್ನ ಗುಮಾರೋ ಬಿಳಿ ಅಂಗಿ ತೊಟ್ಟು, ಕೂದಲಿಗೆ ಎಣ್ಣೆ ಹಚ್ಚಿ, ನಗುನಗುತ್ತ ನಿಂತಿದ್ದ. ಕೈಗೆ ತೆಗೆದುಕೊಂಡ. ಎದೆಗೆ ತಂದ. ನಗು ಅವನ ಮುಖದಲ್ಲಿ ಇರುವಾಗಲೇ ಅಂಗಿಯ ಮೇಲೆ ಕೆಂಪು ಗೀರು ಎದ್ದಿತು.

ಹಗಲು ಮನುಷ್ಯ, ಇರುಳು ಕೊಯೋಟೆ. ಅಂಥವರ ಕತೆಯನ್ನು ನನ್ನಜ್ಜಿ ಹೇಳುತ್ತಿದ್ದಳು. ಅಂಥವನ ಹಿಂದೆ ನೀನು ಹೊರಟೆ. ಹೊಸ್ತಿಲಲ್ಲಿ ಮಂಡಿಯೂರಿ ಹಣೆಯೊಡ್ಡಿದೆ. ಶಿಲುಬೆ ಬರೆದು ಹರಸಲು ನನ್ನ ಹೆಬ್ಬೆರಳು ಮೇಲೇಳಲಿಲ್ಲ. ಆ ಶಿಲುಬೆ ಇಲ್ಲದ ಹಣೆ ಹೊತ್ತು ನಡೆದುಹೋದೆ.

ಕೂಸು ಹುಟ್ಟುವ ಮೊದಲು ಬಾ. ಒಬ್ಬಳೇ ಬಾ. ಬಾಗಿಲ ಅಗುಳಿ ಹಾಕಿಲ್ಲ.

ನಿನ್ನಪ್ಪ,
ನಿಕಾಂದ್ರೊ

•

ಲಾ ನೋರಿಯ ಕುರಿಹಟ್ಟಿ
೨ ಸೆಪ್ಟೆಂಬರ್ ೧೯೫೪

ಅಪ್ಪಾ,

ನಿಮ್ಮ ಪತ್ರವನ್ನು ಗುಮಾರೋ ಎದುರಿಗೇ ಜೋರಾಗಿ ಓದಿದೆ, ನಿಮ್ಮ ದನಿಯಲ್ಲೇ. ನಿಮ್ಮ ಪತ್ರವನ್ನು ಮೆಲ್ಲಗೆ ಓದುವುದಾದರೂ ಹೇಗೆ? ಹಟ್ಟಿಯ ಕುರಿಗಳು ತಲೆಯೆತ್ತಿ ನೋಡಿದವು. "ಮಾವನೋರು ಆರೋಗ್ಯವಾಗಿದ್ದಾರೆ, ಬಿಡು" ಅಂದರು ನಿಮ್ಮ ಅಳಿಯ.

ಒಬ್ಬಳೇ ಬರುವುದಿಲ್ಲ. ಅದನ್ನು ಮೊದಲೇ ಹೇಳಿಬಿಟ್ಟೆ. ಈಗ ನನ್ನ ಮಾತನ್ನೂ ಕೇಳಿ.

ಇಲ್ಲಿ ಹೋರಿಗರುಗಳು ಬೇಕಾದಷ್ಟಿವೆ. ಬಾವಿಯ ಆಚೆ ಕೆಂಪಿರುವೆಯ ದೊಡ್ಡ ಗೂಡಿದೆ. ಬಟ್ಟೆ ಒಗೆದು ಹರವಿ ಅಲ್ಲೇ ಕೂತು ನೋಡುತ್ತೇನೆ. ಬೆಳಗಿನ ಚಳಿಗೆ ಅದು ಮೈಯನ್ನು ರೊಟ್ಟಿಯ ಹಾಗೆ ಚಪ್ಪಟೆ ಮಾಡಿಕೊಂಡು ಬಿಸಿಲಿಗೆ ಓರೆಯಾಗಿ ಒಡ್ಡುತ್ತದೆ. ಮೈ ಕಾದ ಮೇಲೆ ಇರುವೆಯ ಸಾಲಿನ ಪಕ್ಕ ಕೂತು ಒಂದೊಂದನ್ನೇ ನೆಕ್ಕುತ್ತದೆ. ಇರುವೆಗಳು ರೇಗಿ ಮುತ್ತಿಕೊಳ್ಳುವ ಮೊದಲೇ ಎದ್ದು ಬೇರೆ ಗೂಡಿಗೆ ಹೋಗುತ್ತದೆ. ಎಲ್ಲಿ ಏಳಬೇಕೆಂದು ತಿಳಿದ ನೆಂಟ! ಸಂಜೆಗೆ ತಲೆಯಿಂದ ಮರಳು ತಳ್ಳಿ ತಳ್ಳಿ ತನ್ನನ್ನೇ ಹೂತುಕೊಳ್ಳುತ್ತದೆ. ಕಳೆದ ವಾರ ಮಳೆ ಬಂದಾಗ ಬೆನ್ನೆತ್ತಿ ತಲೆತಗ್ಗಿಸಿ ನಿಂತಿತ್ತು. ಪಾಪ, ಜಪ ಮಾಡುತ್ತಿದೆ ಅಂದುಕೊಂಡೆ. ಜಪವಲ್ಲ ಅಪ್ಪಾ, ಬೆನ್ನ ಮೇಲೆ ಬಿದ್ದ ನೀರು ಚರ್ಮದ ಸೀಳುಗಳಲ್ಲಿ ಹರಿದು ನೇರ ಬಾಯಿಗೆ ಬರುತ್ತದೆ!

ಒಂದೊಂದು ವೈರಿಗೆ ಒಂದೊಂದು ಉತ್ತರ ಇಟ್ಟುಕೊಂಡಿದೆ. ಬಾಲ ಗಿಲಕಿಸುವ ಬುಡುಬುಡಿಕೆ ಹಾವು ಬಂದರೆ ಓಡುತ್ತದೆ. ಓಟದ ಹಾವು ಬಂದರೆ ಓಡಿ ಪ್ರಯೋಜನವಿಲ್ಲವೆಂದು ಅಲ್ಲೇ ಊದಿಕೊಂಡು ಕೊಂಬು ತೋರಿಸುತ್ತದೆ. ಕಚ್ಚುವ ಇಲಿ ಬಂದರೆ ಇನ್ನೊಂದು ಉಪಾಯ. ನಾಯಿಜಾತಿಗೆ ಮಾತ್ರ ನೆತ್ತರು. ಹಟ್ಟಿಯ ನಾಯಿ ಕನೇಲ ಒಂದನ್ನು ಕಚ್ಚಿದ್ದಳು; ಆ ನೆತ್ತರು ಬಾಯಿಗೆ ತಗಲಿತೋ ಇಲ್ಲವೋ ಉಗುಳಿ, ತಲೆ ಒದರಿ, ಮೂತಿಯನ್ನು ಹುಲ್ಲಿಗೆ ಉಜ್ಜಿದ್ದೇ ಉಜ್ಜಿದ್ದು.

ಆಗ ನನಗೆ ಹೊಳೆಯಿತು. ನಿಮ್ಮ ಅಳಿಯನ ಕೆಲಸ ಏನು? ಕೊಯೋಟೆಗೆ ಬೋನು ಒಡ್ಡುವುದು. ಬೋನಿನ ಮೇಲೆ ಏನು ಚಿಮುಕಿಸುತ್ತಾರೆ? ಕೊಯೋಟೆಯದೇ ಮೂತ್ರ, ಸೀಸೆಯಲ್ಲಿ ತುಂಬಿಟ್ಟದ್ದು. ಆ ದಿನ ನೇರ ಬೋನುಗಳ ಸಾಲಿನಿಂದ ನಮ್ಮ ಮನೆಗೆ ಬಂದಿದ್ದರು. ಅಂಗಿ ಬದಲಾಯಿಸಿದ್ದರು, ಕೈಯನ್ನು ಹೇಗೆ ಬದಲಾಯಿಸುವುದು?

ಪರೀಕ್ಷೆ ಮಾಡಿದೆ. ಅವರ ಕೈಗಳನ್ನು ಮೊಣಕೈವರೆಗೆ ಸೋಪುಬೇರಿನಿಂದ, ಮರಳಿನಿಂದ ತಿಕ್ಕಿ ತೊಳೆಸಿದೆ. "ಚರ್ಮ ಬಿಡ್ತೀಯೋ ಇಲ್ವೋ?" ಅಂದರು. ಹೊಸ ಅಂಗಿ ತೊಡಿಸಿ ಎದೆಯ ಮೇಲೆ ಹೋರಿಗರುವನ್ನು ಬಿಟ್ಟೆ. ಅದು ಚಪ್ಪಟೆಯಾಗಿ ಕಣ್ಣು ಮುಚ್ಚಿ ಮಲಗಿತು. ಆಮೇಲೆ ಕನೇಲಳನ್ನು ಚೆನ್ನಾಗಿ ಸವರಿ, ಅದೇ ಕೈಯಲ್ಲಿ, ನಾಯಿ ಕಚ್ಚುವ ಹಾಗೆ ಹೋರಿಗರುವಿನ ಕತ್ತು ಹಿಡಿದೆ. ಕಣ್ಣು ಊದಿತು. ನೆತ್ತರು ನಾನು ಸೊಂಟಕ್ಕೆ ಕಟ್ಟಿದ ಬಟ್ಟೆಯ ಮೇಲೆ ಚಿಮ್ಮಿತು.

ಈಗ ಹೇಳಿ, ನಿಮ್ಮ ಮಗಳು ಏನು?

ಕೂಸು ಜನವರಿಗೆ. ಅದರ ಹಣೆಗೆ ಮೊದಲ ಶಿಲುಬೆ ಹಾಕುವ ಹೆಬ್ಬೆರಳು ನಿಮ್ಮದೇ ಆಗಬೇಕು. ನನ್ನ ಹಣೆ ಹೇಗೋ ಕಾಲ ಹಾಕುತ್ತಿದೆ.

ನಿಮ್ಮ ಮಗಳು,
ಒತೀಲಿಯ

•

ಎಲ್ ಸಲಿತ್ರೆ
೨೪ ಅಕ್ಟೋಬರ್ ೧೯೫೪

ಮಗಳೇ,

ನಿನ್ನ ಪತ್ರ ಓದಿ ಗಹಗಹಿಸಿ ನಕ್ಕೆ. ಸೈತಾನನ ನಗು, ಮೂರನೆಯ ಅಂಕದ್ದು! ಸೋಪುಬೇರಂತೆ, ಮೂತ್ರವಂತೆ! ಅಜ್ಜ ಮುತ್ತಜ್ಜರು ಕಟ್ಟಿಕೊಂಡು ಬಂದ ಪರೀಕ್ಷೆಯನ್ನು ನನ್ನ ಮಗಳು ಒಗೆಯುವ ಕಲ್ಲಿನ ಮೇಲೆ ಕುಕ್ಕಿಬಿಟ್ಟಳಂತೆ!

ನಕ್ಕು ಮುಗಿದ ಮೇಲೆ ಪತ್ರವನ್ನು ಮತ್ತೆ ಓದಿದೆ.

ಮಾರನೆಯ ಬೆಳಿಗ್ಗೆ, ಯಾರೂ ಕಾಣದ ಹಾಗೆ, ಗುಡ್ಡದ ಕೆಳಗಿನ ಇರುವೆಗೂಡಿನ ಹತ್ತಿರ ಹೋದೆ. ಮಂಡಿಯೂರಿ ಹುಡುಕಿದೆ. ತಿರುಗಿ ನೋಡಿದರೆ ತೋಮಾಸಕ್ಕ, ಸೌದೆ ಹೊರೆ ಹೊತ್ತು ನಿಂತಿದ್ದಾಳೆ.

"ಏನಪ್ಪಾ ನಿಕಾಂದ್ರೊ, ಹಲ್ಲು ಬೀಳಿಸ್ಕೊಂಡ್ಯಾ?"

"ಹೋರಿಗರು ಹುಡುಕ್ತಿದೀನಿ, ಅಕ್ಕಾ."

"ಈಗೆಲ್ಲಿ ಸಿಕ್ತವೆ? ಇಬ್ಬನಿ ಗಟ್ಟಿಯಾಗೋ ಕಾಲ ಬಂತು. ಎಲ್ಲಾ ಮಣ್ಣೊಳಗೆ ಹೋದವು." ಹೊರೆ ಇಳಿಸಿ ನನ್ನ ಮುಖವನ್ನೇ ನೋಡಿದಳು. "ನಿಂಗ್ಯಾಕೆ ಹೋರಿಗರು? ಮನೇಲಿ ಹೆಣ್ಣಿಲ್ಲ, ಕೇಳೋಕೆ ಬಂದ ಗಂಡಿಲ್ಲ."

"ಮಗಳು ಒಂದು ಮಾತು ಬರೆದಿದಾಳೆ. ನಿಜವೋ ಸುಳ್ಳೋ ನೋಡೋಣ ಅಂತ."

"ನೋಡಿದ್ದು ಸಾಲ್ದಾ?" ಅಂದಳು. ಅವಳ ದನಿಯಲ್ಲಿ ಕೋಪವಿರಲಿಲ್ಲ ಮಗಳೇ, ಕನಿಕರವಿತ್ತು. ಕೋಪವಾಗಿದ್ದರೆ ತಡೆದುಕೊಳ್ಳುತ್ತಿದ್ದೆ.

ಈಗ ಕೇಳು ನನ್ನ ತೀರ್ಮಾನ. ಮಣ್ಣಿನಡಿ ಮಲಗಿದ್ದನ್ನು ಅಗೆದು ತೆಗೆಯುವುದು ಪಾಪ, ಅದನ್ನು ಮಾಡಲಾರೆ. ಬೇಸಿಗೆ ಬರಲಿ, ಇರುವೆ ಹೊರಬೀಳಲಿ, ಅದೂ ತಲೆಯೆತ್ತಲಿ. ನಾನು ಕದ್ದುಮುಚ್ಚಿ ನೋಡುವವನಲ್ಲ. ಊರೆಲ್ಲ ಎದುರಿಗಿರುವಾಗ, ಗುಡಿಯಂಗಳದಲ್ಲಿ, ನನ್ನ ಎದೆಯ ಮೇಲೇ ಪರೀಕ್ಷೆ! ನೀನು ಹೇಳಿದ್ದು ನಿಜವಾದರೆ ಗುಮಾರೋನ ಮೇಲಿನ ಕಳಂಕ ಅಲ್ಲೇ ತೊಳೆದುಹೋಗಬೇಕು. ನೀನು, ಅವನು, ಕೂಸು ಮೂವರೂ ಹಾಡುಹಗಲಲ್ಲಿ, ಮುಖ್ಯ ಬೀದಿಯಲ್ಲಿ ಈ ಊರಿಗೆ ಬರಬೇಕು. ಅದಕ್ಕಿಂತ ಕಡಿಮೆಯದು ನನಗೆ ಬೇಡ.

ಅಲ್ಲಿಯವರೆಗೆ ಕೂಸಿನ ಹಣೆಯನ್ನು ನನಗಾಗಿ ಕಾಯ್ದಿಡು.

ನಿಕಾಂದ್ರೊ

•

ಲಾ ನೋರಿಯ
೨೦ ಫೆಬ್ರವರಿ ೧೯೫೫

ಅಪ್ಪಾ,

ಹೆಣ್ಣು ಕೂಸು. ಬಾವಿಯ ತೊಟ್ಟಿಯಲ್ಲಿ ನೀರು ಹೆಪ್ಪುಗಟ್ಟಿದ್ದ ಬೆಳಿಗ್ಗೆ ಹುಟ್ಟಿತು. ಆರೋಗ್ಯವಾಗಿದ್ದೇವೆ. ಜ್ಞಾನಸ್ನಾನ ಮಾಡಿಸಿಲ್ಲ, ಹೆಸರಿಟ್ಟಿಲ್ಲ. ನಿಮಗಾಗಿ ಕಾಯುತ್ತಿದ್ದೇವೆ.

ಹಟ್ಟಿಯ ಅಡುಗೆಯ ಹೆಂಗಸು ದಿನಾ ಬಯ್ಯುತ್ತಾಳೆ: "ಹೆಸರಿಲ್ಲದ ಕೂಸನ್ನ ಗಾಳಿಗೆ ಬಿಡ್ತಾರೇನಮ್ಮಾ? ಯಾರು ಬೇಕಾದ್ರೂ ಕರೀಬಹುದು ಅದನ್ನ, ಏನು ಬೇಕಾದ್ರೂ ಕರೀಬಹುದು." ನಗುತ್ತೇನೆ. ಅಜ್ಜ ಬರಬೇಕು ಅನ್ನುತ್ತೇನೆ.

ಕೂಸಿಗೆ ತಲೆ ತುಂಬ ಕೂದಲು. ಕಪ್ಪಲ್ಲ, ಒಣಹುಲ್ಲಿನ ಬಣ್ಣ, ಬುಡದಲ್ಲಿ ಬೂದು. ಗುಮಾರೋನ ಅಮ್ಮನ ಕಡೆಯವರೆಲ್ಲ ಹೀಗೇ ಅಂತೆ. ಅಡುಗೆಯವಳು ಮೊದಲ ಸಲ ಬಟ್ಟೆ ಸರಿಸಿದಾಗ ಅದನ್ನು ಸ್ವಲ್ಪ ಹೆಚ್ಚೇ ಹೊತ್ತು ನೋಡಿದಳು. ಅವಳು ಆಚೆ ಹೋದ ಮೇಲೆ ನಾನು ಕೂಸಿನ ಮುಷ್ಟಿ ಬಿಡಿಸಿ ನೋಡಿದೆ. ಬೆರಳುಗಳೇ ಇದ್ದವು ಅಪ್ಪಾ. ಇನ್ನೇನಿರಬೇಕಿತ್ತು? ಆ ಮೂತ್ರ, ಆ ವಾಸನೆ, ಆ ನೆತ್ತರು ಎಲ್ಲವನ್ನೂ ಬಿಡಿಸಿ ನಿಮಗೆ ಬರೆದವಳು ನಾನು. ಆದರೂ ಬಿಡಿಸಿ ನೋಡಿದೆ. ಇದನ್ನು ಗುಮಾರೋಗೆ ಹೇಳಿಲ್ಲ.

ಹೋದ ಬೇಸಿಗೆಯಲ್ಲಿ ಒಂದು ಹೋರಿಗರು ಮೊಟ್ಟೆಯಿಡುವುದನ್ನು ಕಂಡಿದ್ದೆ. ಗಟ್ಟಿ ನೆಲವನ್ನು ಮಧ್ಯಾಹ್ನವೆಲ್ಲ ಕೆರೆದು ಓರೆಯಾಗಿ ಬಿಲ ತೋಡಿತು. ಇಟ್ಟು, ಮಣ್ಣು ತುಂಬಿ, ತುಳಿದು ಗಟ್ಟಿ ಮಾಡಿ, ಮೇಲೆ ಕಸಕಡ್ಡಿ ಎಳೆದು ಜಾಗವೇ ಗೊತ್ತಾಗದ ಹಾಗೆ ಮಾಡಿ ಹೊರಟುಹೋಯಿತು. ಹಿಂತಿರುಗಿ ನೋಡಲಿಲ್ಲ. ಆಗ ಬೈದುಕೊಂಡಿದ್ದೆ. ಈಗ ಅನಿಸುತ್ತದೆ, ಮತ್ತೆ ಮತ್ತೆ ಹೋಗಿ ನೋಡುವ ತಾಯಿಯೇ ಅಲ್ಲವೇ ಕೊಯೋಟೆಗೆ ದಾರಿ ತೋರಿಸುವುದು?

ಬೇಗ ಬನ್ನಿ. ಊರು ಒಪ್ಪಲಿ, ಬಿಡಲಿ. ನೀವು ಬನ್ನಿ.

ಒತೀಲಿಯ

•

ಎಲ್ ಸಲಿತ್ರೆ
೪ ಮೇ ೧೯೫೫

ಮಗಳೇ, ನನ್ನ ಮೊಮ್ಮಗಳ ತಾಯೇ,

ನಿನ್ನೆ ಪವಿತ್ರ ಶಿಲುಬೆಯ ಹಬ್ಬ. ಪೂಜೆ ಮುಗಿದು ಊರೆಲ್ಲ ಅಂಗಳದಲ್ಲಿ ಸೇರಿತ್ತು. ನಾನು ಮೆಟ್ಟಿಲೇರಿ ನಿಂತೆ. ಒಂದು ಕೈಯಲ್ಲಿ ಬುಟ್ಟಿ, ಅದರೊಳಗೆ ಹೋರಿಗರು. "ಎಲ್ ಸಲಿತ್ರೆಯ ಮಹಾಜನರೇ!" ಎಂದು ಎತ್ತಿದೆ ನೋಡು ದನಿ, ಗಂಟೆಗೂಡಿನ ಪಾರಿವಾಳಗಳು ಹಾರಿಹೋದವು.

ಎಲ್ಲವನ್ನೂ ಹೇಳಿದೆ, ನೀನು ಬರೆದ ಹಾಗೇ. ಮೊದಲು ಎಲ್ಲರೆದುರು ಕೈ ತೊಳೆದೆ. ಅಂಗಿ ಬಿಚ್ಚಿ ಎದೆಯ ಮೇಲೆ ಬಿಟ್ಟುಕೊಂಡೆ. ಮಲಗಿತು! ಜೋಗುಳ ಹಾಡಿದ ಹಾಗೆ ಮಲಗಿತು. "ಇದೇನು ಹೊಸದು, ನೀನು ನಮ್ಮವನೇ ಅಲ್ವಾ" ಎಂದು ಜನ ನಕ್ಕರು.

"ತಡೀರಿ," ಅಂದೆ. "ಆಟ ಈಗ ಶುರು." ತೋಮಾಸಕ್ಕನ ನಾಯಿಯನ್ನು ಕರೆದು, ಎರಡೂ ಕೈಗಳಿಂದ ಅದರ ಮೈಯೆಲ್ಲ ಸವರಿ, ಹೋರಿಗರುವಿನ ಕತ್ತು ಹಿಡಿದು ಮುಖದ ಮಟ್ಟಕ್ಕೆ ಎತ್ತಿದೆ. ಚಿಮ್ಮಿತು! ಗಡ್ಡಕ್ಕೆ, ತುಟಿಗೆ, ಎದೆಗೆ! ನಾನು ಎರಡೂ ತೋಳು ಚಾಚಿ, ನೆತ್ತರು ಸುರಿಯುವ ಮುಖ ಹೊತ್ತು ಜನರ ಕಡೆ ತಿರುಗಿ ಕೂಗಿದೆ:

"ಕಂಡಿರಾ!"

ಮಗಳೇ, ಜೀವಮಾನದಲ್ಲಿ ಅಷ್ಟು ಚೆನ್ನಾಗಿ ನಾನು ಯಾವ ಮಾತನ್ನೂ ಆಡಿರಲಿಲ್ಲ. ಚಪ್ಪಾಳೆಗೆ ಕಾದೆ.

ಮುದುಕ ಫೆರ್ಮಿನ್ ಟೋಪಿ ತೆಗೆದ. "ಕಂಡ್ವಿ, ನಿಕಾಂದ್ರೊ," ಅಂದ.

"ನಾಯಿ ವಾಸನೆ ಕಣ್ರೋ! ಬರೀ ವಾಸನೆ! ಬನ್ನಿ, ನೀವೂ ಹಿಡಿದು ನೋಡಿ!"

ಯಾರೂ ಮುಂದೆ ಬರಲಿಲ್ಲ. ಬುಟ್ಟಿ ಹಿಡಿದು ನಾನು ಒಂದು ಮೆಟ್ಟಿಲು ಇಳಿದರೆ ಅವರು ಒಂದು ಹೆಜ್ಜೆ ಹಿಂದೆ ಸರಿದರು. ನಾನೂ ಅವರೂ ಅಭ್ಯಾಸ ಮಾಡಿಕೊಂಡು ಬಂದಿದ್ದೆವೇನೋ ಅನ್ನುವ ಹಾಗೆ.

"ಅದಕ್ಕೇ ಸೈತಾನನ ವೇಷ ಅಷ್ಟು ಚೆನ್ನಾಗಿ ಒಪ್ಪೋದು ಇವನಿಗೆ," ಎಂದು ಒಂದು ದನಿ. ತೋಮಾಸಕ್ಕ, ಎಳವೆಯಿಂದ ನಿನಗೆ ಜಡೆ ಹಾಕಿದ ತೋಮಾಸಕ್ಕ, ನಾಯಿಯನ್ನು ಹತ್ತಿರ ಎಳೆದುಕೊಂಡು ಹೇಳಿದಳು: "ಆ ಹುಡುಗಿ ಅವನ ಹಿಂದೆ ಯಾಕೆ ಹೋದ್ಲು ಅಂತ ಈಗ ಗೊತ್ತಾಯ್ತು. ಕುಲ ಕುಲಾನ ಹುಡ್ಕೊಂಡು ಹೋಗುತ್ತೆ."

ಅಂಗಳ ಖಾಲಿಯಾಯಿತು. ಹೋರಿಗರುವನ್ನು ಇರುವೆಗೂಡಿನ ಹತ್ತಿರ ಬಿಟ್ಟು ಬಂದೆ. ಮುಖ ತೊಳೆದುಕೊಂಡೆ. ತುಟಿಯ ಮೇಲಿನ ಕಹಿ ಇನ್ನೂ ಹೋಗಿಲ್ಲ.

ನಿಕಾಂದ್ರೊ

•

ಎಲ್ ಸಲಿತ್ರೆ
೨೦ ಜೂನ್ ೧೯೫೫

ಒತೀಲಿಯ,

ಚಿಕ್ಕ ಪತ್ರ. ಸೈತಾನನ ಪಾತ್ರವನ್ನು ಕಮ್ಮಾರನ ಮಗನಿಗೆ ಕೊಟ್ಟರು. ಅವನಿಗೆ ದನಿಯಿಲ್ಲ, ಇರಲಿ. ನನ್ನ ಮೂಟೆಗಳನ್ನು ಬೇರೆ ಇಡುತ್ತಾರೆ. ನಾನು ಬಂದರೆ ಮಾತು ನಿಲ್ಲುತ್ತದೆ. ಮೊದಲು ಜನ ಹೀಗಾದರು, ಈಗ ನಾಯಿಗಳೂ.

ನೀನು ಬರೆದದ್ದು ಸರಿ, ಅದರಲ್ಲಿ ನನಗೆ ಅನುಮಾನವಿಲ್ಲ. ಒಂದು ಮಾತು ಮಾತ್ರ ಹೇಳಿಬಿಡುತ್ತೇನೆ, ನೀನು ಅದಕ್ಕೂ ಒಂದು ಕಾರಣ ಹುಡುಕಿಡು. ಆ ದಿನ ತೋಮಾಸಕ್ಕನ ನಾಯಿಯನ್ನು ನಾನು ಮುಟ್ಟುವ ಮೊದಲೇ, ಎದೆಯಿಂದ ಬುಟ್ಟಿಗೆ ಇಳಿಸಲು ತೊಳೆದ ಕೈಯಲ್ಲಿ ಎರಡನೆಯ ಸಲ ಎತ್ತಿಕೊಂಡಾಗಲೇ, ಹೋರಿಗರುವಿನ ಕಣ್ಣಿನ ಸುತ್ತ ಊದಿಕೊಳ್ಳತೊಡಗಿತ್ತು. ಬಿಸಿಲಿರಬಹುದು. ನಾಯಿ ಹತ್ತಿರವೇ ನಿಂತಿತ್ತು, ಅದನ್ನು ಕಂಡಿರಬಹುದು.

ಚೆಮಾ ಲಾರಿಗೆ ಹತ್ತಿಸಿಕೊಳ್ಳಲಿಲ್ಲ. "ಜಾಗ ಇಲ್ಲ ಮಾವ," ಅಂದ. ಖಾಲಿ ಲಾರಿ. ಅವನ ಬಾಯಿಗೂ ಕೊನೆಗೆ ಬಾಗಿಲು ಬಂತು. ಸಂತ ಯೋವಾನ್ನರ ಹಬ್ಬದ ಮಾರನೆಯ ಬೆಳಿಗ್ಗೆ ನಡೆದೇ ಹೊರಡುತ್ತೇನೆ, ಒಣ ಉಪ್ಪುಗೆರೆಯನ್ನು ಅಡ್ಡ ಹಾಯ್ದು, ನಾರು ಹೆರೆಯುವವರ ಕಾಲುದಾರಿಯಲ್ಲಿ. ದಾರಿ ನನಗೆ ಗೊತ್ತಿಲ್ಲ. ಆದರೆ ಕಾಲಿಗೆ ಗೊತ್ತಿರುವಂತಿದೆ.

ಬೇರೆ ಯಾರ ಬೆರಳೂ ಆ ಹಣೆ ಮುಟ್ಟದಿರಲಿ. ಬಂದೆ.

ಅಪ್ಪ

•

ಲಾ ನೋರಿಯ
೨೮ ಜುಲೈ ೧೯೫೫

ಅಪ್ಪಾ,

ಈ ಪತ್ರವನ್ನು ಎಲ್ ಸಲಿತ್ರೆಗೇ ಕಳಿಸುತ್ತಿದ್ದೇನೆ. ಬೇರೆ ವಿಳಾಸ ನನಗೆ ಗೊತ್ತಿಲ್ಲ. ನೀವು ಮನೆಯಲ್ಲೇ ಇದ್ದು, ಮನಸ್ಸು ಬದಲಾಯಿಸಿ, ಹಟ ಹಿಡಿದು ಕೂತಿದ್ದರೆ ಸಾಕು ಅನ್ನಿಸುತ್ತದೆ. ನಿಮ್ಮ ಬೈಗುಳದ ಪತ್ರ ಬಂದರೆ ಹಟ್ಟಿಗೆಲ್ಲ ಕೇಳುವ ಹಾಗೆ ಓದುತ್ತೇನೆ.

ತಿಂಗಳು ದಾಟಿತು. ಗುಮಾರೋ ಉಪ್ಪುಗೆರೆಯವರೆಗೆ ಕುದುರೆಯಲ್ಲಿ ಹೋಗಿ ಹುಡುಕಿ ಬಂದರು. ಆಚೆ ದಡದಿಂದ ಒಬ್ಬರ ಚಪ್ಪಲಿ ಹೆಜ್ಜೆ ಕೆರೆಯೊಳಗೆ ಇಳಿದು ಬಂದಿದೆ ಅಂದರು. ಅರ್ಧ ಕೆರೆಯಿಂದ ಈಚೆಗೆ ಹೆಜ್ಜೆಯಿಲ್ಲ. ಮಳೆ ಬಿದ್ದು ಅಳಿಸಿದ್ದು ಈಚೆ ಭಾಗದಲ್ಲಿ ಮಾತ್ರ, ಆಚೆಗೆ ಬಿದ್ದಿರಲಿಲ್ಲ, ಅದಕ್ಕೇ ಹಾಗೆ. "ಬೇರೆ ಹೆಜ್ಜೆಗಳಿದ್ದವಾ?" ಎಂದು ಕೇಳಿದೆ. ಅವರು ಜೀನು ಬಿಚ್ಚುತ್ತಿದ್ದರು. "ಮರುಭೂಮಿ ಅಲ್ವಾ, ಎಲ್ಲಾ ತರದ್ದೂ ಇರ್ತವೆ," ಅಂದರು.

ಒಂದು ವಾರದಿಂದ ಹಟ್ಟಿಗೆ ಒಂದು ಕೊಯೋಟೆ ಬರುತ್ತಿದೆ. ಮುದಿಯದು, ಎದೆಯ ರೋಮ ನರೆತಿದೆ, ಒಂದು ಕಾಲು ಕುಂಟುತ್ತದೆ. ಬಿಸಿಲೇರುವ ಹೊತ್ತಿಗೆ ಬಂದು ಬಾವಿಯ ಈಚೆ, ನಮ್ಮ ಬಾಗಿಲಿಗೆ ಎದುರಾಗಿ ಕೂರುತ್ತದೆ. ಕುರಿಗಳ ಕಡೆ ತಲೆಯೂ ತಿರುಗಿಸುವುದಿಲ್ಲ. ಕನೇಲ ಬೊಗಳುವುದಿಲ್ಲ, ಕಿವಿ ಮಡಿಸಿ ಮಂಚದ ಕೆಳಗೆ ಸೇರುತ್ತಾಳೆ.

ಈ ಬೆಳಿಗ್ಗೆ ಗುಮಾರೋ ಬಂದೂಕು ಎತ್ತಿದರು. ಅವರ ಕೆಲಸವೇ ಅದು ಅಪ್ಪಾ, ಅದಕ್ಕೇ ನಮಗೆ ಇಲ್ಲಿ ಅನ್ನ. ಗುರಿ ಹಿಡಿದಿದ್ದರು. ನಾನು ನಳಿಗೆಯನ್ನು ಕೆಳಕ್ಕೆ ಒತ್ತಿದೆ.

"ಏನೇ ಇದು?"

"ಹೊಡೀಬೇಡಿ."

ನನ್ನ ಮುಖ ನೋಡಿದರು. "ಒತೀಲಿಯ, ನೀನೇ ಅಲ್ವಾ ನನ್ನ ಚರ್ಮ ಕಿತ್ತುಬರೋ ಹಾಗೆ ತೊಳೆಸಿದ್ದು? ನೀನೇ ಅಲ್ವಾ ಹೇಳಿದ್ದು, ಎಲ್ಲಾ ವಾಸನೆ ಅಂತ?"

"ಹೌದು. ಎಲ್ಲಾ ವಾಸನೆ."

"ಮತ್ತೆ?"

"ಮತ್ತೇನಿಲ್ಲ. ಹೊಡೀಬೇಡಿ ಅಷ್ಟೆ. ಕೆರೆ ಕಡೆ ಒಡ್ಡಿರೋ ಬೋನುಗಳನ್ನೂ ಎತ್ತಿಕೊಂಡು ಬನ್ನಿ."

ಅವರು ಬಂದೂಕನ್ನು ಗೋಡೆಗೆ ಒರಗಿಸಿ, ಬೋನುಗಳನ್ನು ಎತ್ತಲು ಹೊರಟರು. ಹೋಗುವಾಗ ಅದರಿಂದ ಬಹಳ ದೂರ ಬಳಸಿಕೊಂಡು ಹೋದರು, ಹಿರಿಯರು ಕೂತಿರುವಾಗ ಎದುರು ಹಾಯಬಾರದೆಂದು ಬಳಸಿ ಹೋಗುತ್ತೇವಲ್ಲ, ಹಾಗೆ.

ನೀವು ಎಲ್ಲಿದ್ದೀರಿ? ಯಾರದೋ ಹಟ್ಟಿಯಲ್ಲಿ ಜ್ವರ ಬಂದು ಮಲಗಿದ್ದೀರಾ? ದಾರಿ ತಪ್ಪಿ ರೈಲುದಾರಿಯ ಕಡೆ ಹೋದಿರಾ? ಹಾಗೇ ಇರಬೇಕು. ಪತ್ತೆ ಸಿಕ್ಕಿದ ದಿನ ಗುಮಾರೋ ಬಂದು ಕರೆತರುತ್ತಾರೆ. ನಾನು ತಿಳಿದವಳು, ಬೇರೆ ಏನನ್ನೂ ನಂಬುವುದಿಲ್ಲ.

ಗುಮಾರೋ ಮರೆಯಾದ ಮೇಲೂ ಆ ಕೊಯೋಟೆ ಕೂತೇ ಇತ್ತು. ಕೂಸು ಎದ್ದು ಅತ್ತಿತು. ಎತ್ತಿಕೊಂಡು ಹೊಸ್ತಿಲಿಗೆ ಬಂದೆ. ಕೊಯೋಟೆ ಎದ್ದು ನಿಂತಿತು, ಹತ್ತಿರ ಬರಲಿಲ್ಲ. ನಾನೂ ಒಳಗೆ ಹೋಗಲಿಲ್ಲ. ಕೂಸಿನ ಮುಖವನ್ನು ಅದರ ಕಡೆ ತಿರುಗಿಸಿ ಹಿಡಿದು, ಹಣೆಯ ಮೇಲಿನ ಕೂದಲನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದೆ.

ನಿಮ್ಮ ಮಗಳು,
ಒತೀಲಿಯ